ತಂಡ ಸೋತ ಮರುದಿನ ಓದಲು ಕೂರುವುದು

ಕ್ರಿಕೆಟ್‌ನಲ್ಲಿ ಭಾರತ ಸೋತ ರಾತ್ರಿ ಓದು ಕೆಡುವುದು ಪಂದ್ಯ ನೋಡಿದ್ದರಿಂದಲ್ಲ, ಪಂದ್ಯ ಮುಗಿದ ಮೇಲೆ ಮಾಡುವ ಕೆಲಸಗಳಿಂದ. 2023ರ ನವೆಂಬರ್ 19ರಂದು ಅಹಮದಾಬಾದಿನ ಏಕದಿನ ವಿಶ್ವಕಪ್ ಫೈನಲಿನಲ್ಲಿ ನಮ್ಮವರು 240ಕ್ಕೆ ಆಲೌಟಾದರು, ಆಸ್ಟ್ರೇಲಿಯಾದ ಟ್ರಾವಿಸ್ ಹೆಡ್ 137 ಹೊಡೆದು ಕಪ್ ಒಯ್ದರು. ಪಂದ್ಯ ಹತ್ತು ಗಂಟೆಯೊಳಗೇ ಮುಗಿದಿತ್ತು. ಇಂಥ ರಾತ್ರಿ ಎರಡು ಗಂಟೆವರೆಗೂ ನಿದ್ದೆ ಕೆಡಿಸುವುದು ಹೈಲೈಟ್ಸ್, ವಿಶ್ಲೇಷಣೆಯ ವಿಡಿಯೊಗಳು, ವಾಟ್ಸಾಪ್ ಗುಂಪಿನ ಜಗಳ. ಅದಕ್ಕೇ ಕೊನೆಯ ಎಸೆತದ ನಂತರ ಅರ್ಧ ಗಂಟೆ ಮಾತ್ರ ಎಂದು ಗಡುವು ಹಾಕಿಕೊಂಡಿದ್ದೇನೆ. ಆ ಅರ್ಧ ಗಂಟೆ ಅಳು ಬಂದರೆ ಅಳಬಹುದು, ಗೆಳೆಯರ ಹತ್ತಿರ ಬೈದುಕೊಳ್ಳಬಹುದು. ಆಮೇಲೆ ಫೋನು ಬೇರೆ ಕೋಣೆಯಲ್ಲಿ ಚಾರ್ಜಿಗೆ.

ಮಲಗುವ ಮುಂಚೆ ಕಾಗದದಲ್ಲಿ ಎರಡು ಸಾಲು ಬರೆಯುತ್ತೇನೆ: ಪಂದ್ಯದ ಬೇಸರ ಏನು, ನನ್ನ ಬೇಸರ ಏನು. ಇದು ಮುಖ್ಯ. ಕೊಡದೇ ಉಳಿದ ಅಸೈನ್‌ಮೆಂಟು, ಹತ್ತಿರ ಬಂದ ಇಂಟರ್ನಲ್ಸು ಎಷ್ಟೋ ಸಲ ಸೋಲಿನ ದುಃಖದ ಹಿಂದೆ ಅಡಗಿ ಕೂತಿರುತ್ತವೆ. ಎರಡನೇ ಸಾಲಿನ ಪಕ್ಕ ಬೆಳಗಿನ ಮೊದಲ ಕೆಲಸ ಬರೆದಿಡಬೇಕು. 'ಗಣಿತ ಓದಬೇಕು' ಎಂದು ಬರೆದರೆ ಕೈ ಮತ್ತೆ ಫೋನಿಗೇ ಹೋಗುತ್ತದೆ. 'ಅಧ್ಯಾಯ 4, ಲೆಕ್ಕ 6ರಿಂದ 9' ಎಂದಿದ್ದರೆ ಕೂತ ತಕ್ಷಣ ಶುರುವಾಗುತ್ತದೆ.

ಯಾವ ಪಂದ್ಯ ನೋಡುವುದೆಂದು ಟಾಸ್ ಆದ ಮೇಲೆ ಯೋಚಿಸಿದರೆ ಮನಸ್ಸು ಎಲ್ಲವನ್ನೂ ನೋಡು ಎನ್ನುತ್ತದೆ. ಸರಣಿಯ ವೇಳಾಪಟ್ಟಿ ಬಂದ ದಿನವೇ ಗುರುತು ಹಾಕಿಬಿಡುವುದು ಲೇಸು. ಟಿ20ಗೆ ಸುಮಾರು ಮೂರೂವರೆ ಗಂಟೆ, ಏಕದಿನಕ್ಕೆ ವಿರಾಮ ಸೇರಿ ಸುಮಾರು ಎಂಟು ಗಂಟೆ. ಏಕದಿನವಾದರೆ ಚೇಸಿಂಗ್, ಅಂದರೆ ಎರಡನೇ ತಂಡದ ಬ್ಯಾಟಿಂಗ್ ಮಾತ್ರ ನೋಡುತ್ತೇನೆ. 'ಒಂದೇ ಓವರ್' ಎಂಬುದೇ ದೊಡ್ಡ ಮೋಸ: ಓವರ್ ನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ, ಮುಂದಿನ ಓವರಿನಲ್ಲಿ ಏನಾಯಿತೋ ಎಂಬ ಕುತೂಹಲ ಮುಗಿಯುವುದಿಲ್ಲ. ವಿಕೆಟ್ ಬಿದ್ದಾಗ ಸದ್ದು ಮಾಡುವ ನೋಟಿಫಿಕೇಶನ್ ಆಫ್, ಸ್ಕೋರ್ ನೋಡುವುದು ವಿರಾಮದಲ್ಲಿ ಮಾತ್ರ.

ವಿರಾಮವನ್ನು ಟೆಸ್ಟ್ ಪಂದ್ಯದಿಂದಲೇ ತೆಗೆದುಕೊಂಡಿದ್ದೇನೆ. ಎರಡೆರಡು ಗಂಟೆಯ ಮೂರು ಸೆಷನ್, ನಡುವೆ 40 ನಿಮಿಷ ಲಂಚ್, 20 ನಿಮಿಷ ಟೀ, ಗಂಟೆಗೊಮ್ಮೆ ಡ್ರಿಂಕ್ಸ್. ಶುರುವಿನ ಹೊಸ ಚೆಂಡು ಆಡಲು ಕಷ್ಟದ್ದು, ಆದರೆ ಆಗ ತಲೆಯೂ ತಾಜಾ. ಕಬ್ಬಿಣದ ಕಡಲೆಯಂಥ ವಿಷಯ ಮೊದಲ ಸೆಷನ್ನಿಗೆ. ಮೂರನೆಯದರಲ್ಲಿ ಹೊಸ ಪಾಠ ಬೇಡ, ಲೆಕ್ಕ ಬಿಡಿಸುವುದು, ಹಳೆಯದನ್ನು ತಿರುವಿಹಾಕುವುದು ಸಾಕು. ರೂಢಿ ಇಲ್ಲದವರು ಮೊದಲ ದಿನವೇ ಮೂರು ಸೆಷನ್ ಹಾಕಿಕೊಂಡು ಮೂರನೇ ದಿನಕ್ಕೆ ಕೈಬಿಡುತ್ತಾರೆ. ಒಂದು ವಾರ ಒಂದೇ ಸೆಷನ್ ಮಾಡಿ, ಆಮೇಲೆ ಎರಡನೆಯದು ಸೇರಿಸಿ. ಬೆಳಗಿನದು ಹಾಳಾದರೆ ಲಂಚ್ ಕತ್ತರಿಸಿ ಸರಿದೂಗಿಸಲು ಹೋಗಬೇಡಿ. ಸಂಜೆಯ ಸೆಷನ್ ಕೂಡ ಹೋಗುತ್ತದೆ.

ಪರೀಕ್ಷೆಗೆ ರನ್‌ರೇಟ್ ಲೆಕ್ಕ. ಮೂರು ಗಂಟೆಗೆ ನೂರು ಅಂಕ ಎಂದರೆ 180 ನಿಮಿಷ. ಪ್ರಶ್ನೆಪತ್ರಿಕೆ ಓದಲು, ಕೊನೆಗೆ ಪರಿಶೀಲಿಸಲು 15 ತೆಗೆದರೆ ಅಂಕಕ್ಕೆ 1.65 ನಿಮಿಷ. ಹತ್ತು ಅಂಕದ ಪ್ರಶ್ನೆಗೆ ಹದಿನಾರು ನಿಮಿಷ ದಾಟಿತೆಂದರೆ ಜಾಗ ಬಿಟ್ಟು ಮುಂದೆ ಹೋಗಬೇಕು.

ಉತ್ತರಪತ್ರಿಕೆ ಕೈಗೆ ಬಂದಾಗ ಕಳೆದುಕೊಂಡ ಪ್ರತಿ ಅಂಕದ ಪಕ್ಕ ಔಟಾದ ಬಗೆ ಬರೆಯುತ್ತೇನೆ. ವಿಷಯವೇ ಗೊತ್ತಿರಲಿಲ್ಲವೆಂದರೆ ಬೌಲ್ಡ್. ಗೊತ್ತಿದ್ದೂ ಅವಸರಕ್ಕೆ ತಪ್ಪಿದರೆ ಕ್ಯಾಚ್. ಸಮಯ ಸಾಲದಿದ್ದರೆ ರನೌಟ್. ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದರೆ ಹಿಟ್ ವಿಕೆಟ್, ತನ್ನ ವಿಕೆಟ್ ತಾನೇ ಬೀಳಿಸಿಕೊಂಡಂತೆ. ಎಲ್ಲವನ್ನೂ 'ನಾನು ದಡ್ಡ' ಎಂದು ಒಂದೇ ಚೀಲಕ್ಕೆ ತುಂಬುವುದು ಇದರಿಂದ ನಿಲ್ಲುತ್ತದೆ. ರನೌಟಿಗೆ ಮತ್ತೆ ಪಾಠ ಓದಿ ಪ್ರಯೋಜನವಿಲ್ಲ, ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ ಬರೆಯಬೇಕು.

ಫಲಿತಾಂಶ ತೀರಾ ಕೆಟ್ಟದಾಗಿ ಬಂದಾಗ ವೇಳಾಪಟ್ಟಿ, ಪುಸ್ತಕ, ಟ್ಯೂಷನ್ ಎಲ್ಲವನ್ನೂ ಒಮ್ಮೆಗೇ ಬದಲಿಸುವ ಆತುರ ಹುಟ್ಟುತ್ತದೆ. 2020ರ ಡಿಸೆಂಬರ್ 19ರಂದು ಆಸ್ಟ್ರೇಲಿಯಾ ಎದುರಿನ ಅಡಿಲೇಡ್ ಟೆಸ್ಟಿನಲ್ಲಿ ಭಾರತ 36ಕ್ಕೆ ಕುಸಿಯಿತು. ಏಳು ದಿನದ ನಂತರ ಮೆಲ್ಬರ್ನ್‌ನಲ್ಲಿ ಇಳಿದ ತಂಡದಲ್ಲಿ ಬದಲಾವಣೆ ನಾಲ್ಕು, ಉಳಿದ ಏಳು ಮಂದಿ ಅವರೇ. ಎಂಟು ವಿಕೆಟ್‌ಗಳಿಂದ ಗೆದ್ದರು. ಆ ಲೆಕ್ಕವನ್ನೇ ಇಟ್ಟುಕೊಂಡಿದ್ದೇನೆ: ಒಂದು ವಾರ ಸಮಯ, ಹೆಚ್ಚೆಂದರೆ ನಾಲ್ಕು ಬದಲಾವಣೆ, ಯಾವುದನ್ನು ಬದಲಿಸಬಾರದೆಂದೂ ಬರೆದಿಡುವುದು.

ಆದರೆ ಎಲ್ಲ ಕುಸಿತವೂ ವೇಳಾಪಟ್ಟಿಯಿಂದ ಸರಿಹೋಗುವುದಿಲ್ಲ. 2014ರ ಇಂಗ್ಲೆಂಡ್ ಪ್ರವಾಸದಲ್ಲಿ ಹತ್ತು ಟೆಸ್ಟ್ ಇನಿಂಗ್ಸ್‌ಗಳಲ್ಲಿ 134 ರನ್ ಗಳಿಸಿದ್ದಾಗ ತಾನು ಖಿನ್ನತೆಯಲ್ಲಿದ್ದೆ ಎಂದು ವಿರಾಟ್ ಕೊಹ್ಲಿಯೇ ಹೇಳಿಕೊಂಡಿದ್ದಾರೆ. ಇಂಗ್ಲೆಂಡಿನ ಆಟಗಾರ ಬೆನ್ ಸ್ಟೋಕ್ಸ್ 2021ರಲ್ಲಿ ಮನಸ್ಸಿನ ಆರೋಗ್ಯಕ್ಕಾಗಿ ಆಟದಿಂದ ದೂರ ಉಳಿದರು. ಎರಡು ವಾರ ದಾಟಿದರೂ ನಿದ್ದೆ, ಹಸಿವು ಸರಿಹೋಗದಿದ್ದರೆ, ಇಷ್ಟದ ಪಂದ್ಯವೂ ಬೇಡವೆನಿಸಿದರೆ ಮನೆಯವರಿಗೋ ನಂಬಿಕೆಯ ಮೇಷ್ಟರಿಗೋ ಹೇಳಿ, ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆಂಬ ಯೋಚನೆ ಸುಳಿದರೆ ಎರಡು ವಾರ ಕಾಯಬಾರದು, ಅವತ್ತೇ ಹೇಳಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಕರೆ ಉಚಿತ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಏನು ಹೇಳಬೇಕೆಂದು ತೋಚದಿದ್ದರೆ ಎಷ್ಟು ದಿನದಿಂದ ಹೀಗಿದೆ, ರಾತ್ರಿ ಎಷ್ಟು ಗಂಟೆ ನಿದ್ದೆ ಬರುತ್ತಿದೆ, ಯಾವ ಯೋಚನೆ ಮತ್ತೆ ಮತ್ತೆ ಬರುತ್ತಿದೆ ಎಂದು ಚೀಟಿಯಲ್ಲಿ ಬರೆದುಕೊಂಡು ಅದನ್ನೇ ಓದಿ ಹೇಳಿದರಾಯಿತು.