ನಾಲ್ಕು ಗಂಟೆಯ ಬೋಂಡಾ ಬಿಡಲು ಪೋಸ್ಟಿನಲ್ಲಿ ತಿಂಡಿ ತರಿಸಿದ ಕತೆ

ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ ಬರೆಯುವುದು, ಗೊಬ್ಬರದ ಲೆಕ್ಕ, ವಾರದ ಬಟವಾಡೆ, ಇಷ್ಟೇ ಕೆಲಸ. ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ಊಟ, ಎರಡೂ ಮನೆಯದೇ. ಅಲ್ಲಿಯವರೆಗೆ ನಾನು ಒಳ್ಳೆಯ ಮನುಷ್ಯ. ಸಂಜೆ ನಾಲ್ಕಕ್ಕೆ ಗೇಟಿನ ಮುಂದಿನ ಅಂಗಡಿಯಲ್ಲಿ ಬೋಂಡಾ ಎಣ್ಣೆಗೆ ಬೀಳುತ್ತದೆ. ಹೊರಗೆ ಜಿಟಿಜಿಟಿ ಮಳೆ ಬೇರೆ ಇದ್ದರೆ ಮುಗಿಯಿತು. ಮೂರು ಬೋಂಡಾ, ಮೇಲೆ ಒಂದು ಕಾಫಿ, ಅದಕ್ಕೆ ಒಂದೂವರೆ ಚಮಚ ಸಕ್ಕರೆ.

ಮೇ ತಿಂಗಳಲ್ಲಿ ಹಾಸನಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಅಂಕಿ, 6.1 ಬಂತು. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆ ಅಂಗಳಕ್ಕೆ ಬಂದು ನಿಂತಿದೆ ಅಂತ. 6.5 ಮುಟ್ಟಿದರೆ ಒಳಗೇ ಬಂತು. ಡಾಕ್ಟರ್ "ಸಂಜೆ ಏನು ತಿಂತೀರಿ?" ಅಂದರು. ಏನೋ ಒಂದು ಹೇಳಿ ಮುಗಿಸೋಣ ಅಂದುಕೊಂಡೆ. ಆದರೆ ಪಕ್ಕದಲ್ಲಿ ನನ್ನ ಹೆಂಡತಿ ಕೂತಿದ್ದಳು.

ಪೋಸ್ಟಿನಲ್ಲಿ ತಿಂಗಳಿಗೊಂದು ತಿಂಡಿ ಡಬ್ಬ ತರಿಸುವ ಯೋಚನೆ ಮಗಳದು. ಮೈಸೂರಿನಲ್ಲಿ ಓದುತ್ತಾಳೆ. "ಅಪ್ಪ, ನಿಮಗೆ ಬೋಂಡಾ ಬಿಡಿ ಅಂದ್ರೆ ಬಿಡಲ್ಲ, ಅದರ ಬದಲಿಗೆ ಕೈಯಲ್ಲಿ ಏನಾದ್ರೂ ಇರಬೇಕು" ಅಂದಳು. ಮಾತು ಸರಿ ಅನ್ನಿಸಿತು. ಮೂರು ತಿಂಗಳು ನೋಡೋಣ ಅಂತ ಹೊರಟೆ.

ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿದ್ದೆ: ಯಾವುದರಲ್ಲಿ ಕಳಿಸುತ್ತೀರಿ? ನಮ್ಮ ಕಡೆಯವರು ಇದನ್ನು ಕೇಳಲೇಬೇಕು. ಕೊರಿಯರ್ ಆದರೆ ಪೇಟೆಯಲ್ಲೇ ನಿಂತು "ಬಂದು ತಗೊಂಡು ಹೋಗಿ" ಅಂತ ಫೋನ್ ಬರುತ್ತದೆ. ಹದಿನಾಲ್ಕು ಕಿಲೋಮೀಟರ್ ಬೈಕ್ ಹೊಡೆದು 30 ಗ್ರಾಂ ಕಾಳು ತರಲು ಹೋಗುತ್ತೀರಾ? ತೋಟದ ಆಫೀಸಿನ ಬಾಗಿಲವರೆಗೆ ಬರುವುದು ಪೋಸ್ಟ್ ಮಾತ್ರ. ಈ ಕಂಪನಿಯವರು ಸ್ಪೀಡ್ ಪೋಸ್ಟ್ ಅಂದರು, ಒಪ್ಪಿದೆ. ವಿಳಾಸದಲ್ಲಿ ಪಿನ್ ಕೋಡ್ ಜೊತೆಗೆ ನಮ್ಮ ಬ್ರಾಂಚ್ ಪೋಸ್ಟ್ ಆಫೀಸಿನ ಹೆಸರನ್ನೂ ಬರೆಸಿದೆ. ಒಂದೇ ಪಿನ್ ಕೋಡಿಗೆ ಹತ್ತಾರು ಹಳ್ಳಿ ಇರುತ್ತವೆ. ಬ್ರಾಂಚ್ ಹೆಸರಿದ್ದರೆ ವಿಂಗಡಿಸುವವರಿಗೂ ಸುಲಭ, ನಮಗೂ ಒಳ್ಳೆಯದು.

ಮೊದಲ ಡಬ್ಬ ಮೇ ಕೊನೆಗೆ ಬಂತು. ಪೋಸ್ಟ್‌ಮ್ಯಾನ್ ಕಿವಿಯ ಹತ್ತಿರ ಇಟ್ಟು ಅಲ್ಲಾಡಿಸಿ, "ರೈಟ್ರೇ, ಒಳಗೆ ಏನೋ ಗಲಗಲ ಅಂತದೆ, ಬಿತ್ತನೆ ಬೀಜವಾ?" ಅಂದ.

ಒಳಗೆ ಹತ್ತು ಪ್ಯಾಕೆಟ್. ಮಖಾನ ಎರಡು, ರಾಗಿ ಪಫ್ ಎರಡು, ಮಸಾಲೆ ಕಡಲೆ ಎರಡು, ಸಿಹಿಗುಂಬಳ, ಸೂರ್ಯಕಾಂತಿ, ಅಗಸೆ ಬೀಜ ಸೇರಿಸಿದ್ದು ಎರಡು, ಖರ್ಜೂರದ ಬಾರ್ ಎರಡು. ಬೆಲೆ ಅಂಚೆ ಖರ್ಚು ಸೇರಿ 649 ರೂಪಾಯಿ. ಲೆಕ್ಕ ಬರೆಯುವವನ ಚಟ, ತೂಕ ಕೂಡಿದೆ. ಎಲ್ಲ ಸೇರಿ 270 ಗ್ರಾಂ. ಅಂದರೆ 100 ಗ್ರಾಂಗೆ 240 ರೂಪಾಯಿ! ಇದನ್ನು ಮನೆಯಲ್ಲಿ ಹೇಳಲಿಲ್ಲ.

ಅವ್ವ ಮಖಾನ ಬಾಯಿಗೆ ಹಾಕಿಕೊಂಡು "ಇದೇನ್ ಮಗ, ಜೋಳದ ಅರಳು ಥರ ಐತೆ, ರುಚಿನೇ ಇಲ್ಲ" ಅಂದಳು. ತಾವರೆ ಬೀಜ ಅಂತ ಹೇಳಿ ಮಾರುತ್ತಾರೆ, ಆದರೆ ಅದು ತಾವರೆಯದಲ್ಲ. ಬಿಹಾರದ ಕೆರೆಗಳಲ್ಲಿ ಬೆಳೆಯುವ ಇನ್ನೊಂದು ಮುಳ್ಳು ಎಲೆಯ ನೀರುಗಿಡದ ಬೀಜ. ಹುರಿದು ಒಡೆದರೆ ಅರಳುತ್ತದೆ. ಮಿಥಿಲಾ ಮಖಾನಕ್ಕೆ 2022ರಲ್ಲಿ ಜಿಐ ಗುರುತು, ಅಂದರೆ ಇದು ಆ ಸೀಮೆಯದೇ ಅನ್ನುವ ಸರ್ಕಾರಿ ಗುರುತು ಸಿಕ್ಕಿದೆ, ನಮ್ಮ ಚಿಕ್ಕಮಗಳೂರು ಅರೇಬಿಕಾಗೆ 2019ರಲ್ಲಿ ಸಿಕ್ಕಿತಲ್ಲ, ಹಾಗೆ. ನನಗೆ ಕಾಳುಮೆಣಸಿನ ಮಖಾನ ಬಹಳ ಹಿಡಿಸಿತು.

ಬಾರ್ ಬಗ್ಗೆ ಮಾತ್ರ ತಕರಾರಿದೆ. ಮುಂದೆ ದೊಡ್ಡದಾಗಿ "ಬಿಳಿ ಸಕ್ಕರೆ ಇಲ್ಲ" ಅಂತ ಬರೆದಿತ್ತು. ಕನ್ನಡಕ ಹಾಕಿಕೊಂಡು ಹಿಂದೆ ತಿರುಗಿಸಿದೆ. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು ಅನ್ನುವುದು ನಿಯಮ. ಮೊದಲು ಖರ್ಜೂರ, ಎರಡನೆಯದು ಬೆಲ್ಲ, ಮೂರನೆಯದು ಲಿಕ್ವಿಡ್ ಗ್ಲೂಕೋಸ್. ಕಡಲೆಬೀಜ ನಾಲ್ಕನೇ ಸ್ಥಾನದಲ್ಲಿ ಮುದುರಿಕೊಂಡು ಕೂತಿತ್ತು. ಆಡೆಡ್ ಶುಗರ್ ಅಂತ ಬೇರೆಯೇ ಒಂದು ಸಾಲು ಇರುತ್ತದೆ, ನೋಡಬೇಕಾದ್ದು ಅದನ್ನೇ. 100 ಗ್ರಾಂಗೆ 34 ಅಂತ ಇತ್ತು. 30 ಗ್ರಾಂ ಬಾರ್‌ಗೆ ಹತ್ತು ಗ್ರಾಂ, ಅಂದರೆ ಎರಡು ಚಮಚಕ್ಕಿಂತ ಸ್ವಲ್ಪ ಜಾಸ್ತಿ. ದಿನಕ್ಕೆ ಸೇರಿಸಿದ ಸಕ್ಕರೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೋಂಡಾ ಬಿಟ್ಟು ಇದನ್ನು ತಿಂದರೆ ಡಾಕ್ಟರ್ ಮುಖ ಹೇಗೆ ನೋಡಲಿ?

"ಇದಕ್ಕೆ ದುಡ್ಡು ಕೊಡ್ತೀಯ, ನಾನು ಹುರಿಟ್ಟು ಕಲಸಿಕೊಟ್ರೆ ತಿನ್ನಲ್ಲ" ಅಂತ ಅವ್ವನ ಮುನಿಸು. ಹುರಿಟ್ಟು ಅಂದರೆ ರಾಗಿ ಅರಳಿಸಿ ಬೀಸಿದ ಹಿಟ್ಟು. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, ನಾರಿದೆ, ಎಲ್ಲ ನಿಜ. ಆದರೆ ಅವ್ವ ಕಲಸುವ ಬಟ್ಟಲಿಗೆ ಹಾಕುವ ಬೆಲ್ಲದುಂಡೆಯನ್ನು ಒಂದು ದಿನ ಸುಮ್ನೆ ತಕ್ಕಡಿಗೆ ಇಟ್ಟು ನೋಡಿದೆ. 40 ಗ್ರಾಂ! ಬಾರ್‌ನಲ್ಲಿದ್ದ ಸಕ್ಕರೆಯ ಮೂರು ಪಟ್ಟಿಗಿಂತ ಹೆಚ್ಚು. ಹಳೇ ಕಾಲದ ತಿಂಡಿ ಅಂದಕೂಡಲೇ ಅದು ಆರೋಗ್ಯ ಅಂತ ಅಂದುಕೊಳ್ಳುವವರು ಒಮ್ಮೆ ತೂಗಿ ನೋಡಿ. ದಿನವಿಡೀ ಗದ್ದೆಯಲ್ಲಿ ದುಡಿದವರ ಬಟ್ಟಲು ಅದು, ಕುರ್ಚಿಯಲ್ಲಿ ಕೂತು ಚೆಕ್‌ರೋಲ್ ಬರೆಯುವವನದಲ್ಲ.

ಇನ್ನು ಪ್ಯಾಕೆಟ್ ಒಡೆಯುವ ವಿಷಯ. ಮೊದಲ ದಿನ ನಾಲ್ಕಕ್ಕೆ ಆಫೀಸಿನಲ್ಲಿ ಕೂತು ಮಸಾಲೆ ಕಡಲೆ ಒಡೆದೆ. ಅಷ್ಟರಲ್ಲಿ ಮೇಸ್ತ್ರಿ ಬಂದರು. ಎದುರಿಗೆ ಮನುಷ್ಯ ನಿಂತಿರುವಾಗ ಒಬ್ಬನೇ ತಿನ್ನುವುದು ನಮ್ಮಲ್ಲಿ ಇಲ್ಲ. "ತಗೊಳ್ಳಿ ಮೇಸ್ತ್ರಿ" ಅಂದೆ. ಅವರು ಅಂಗೈ ಚಾಚಿ, ಪ್ಯಾಕೆಟ್ ಬಗ್ಗಿಸಿಕೊಂಡು, ಒಂದೇ ಸಲ ಬಾಯಿಗೆ ಎಸೆದುಕೊಂಡರು. "ಚೆನ್ನಾಗೈತೆ ರೈಟ್ರೇ" ಅಂದರು. ಒಳಗೆ ಏಳೋ ಎಂಟೋ ಕಾಳು ಉಳಿದಿದ್ದವು. ಮಾರನೇ ದಿನ ಡ್ರೈವರ್, ಅದರ ಮಾರನೇ ದಿನ ಪೋಸ್ಟ್‌ಮ್ಯಾನೇ. ಹತ್ತು ದಿನಕ್ಕೆ ಅಂತ ಬಂದ ಡಬ್ಬ ಐದು ದಿನಕ್ಕೆ ಖಾಲಿ, ನನ್ನ ಹೊಟ್ಟೆಯೂ ಖಾಲಿ. ಆರನೇ ದಿನ ಮತ್ತೆ ಬೋಂಡಾ. ಈ ಪ್ಯಾಕೆಟ್ ಮಾಡಿದವರ ಮನಸ್ಸಿನಲ್ಲಿ ಒಬ್ಬನೇ ಕಂಪ್ಯೂಟರ್ ಮುಂದೆ ಕೂತು ತಿನ್ನುವ ಬೆಂಗಳೂರಿನವನು ಇದ್ದ, ಮೇಸ್ತ್ರಿ ಇರಲಿಲ್ಲ.

ಎರಡನೇ ಡಬ್ಬ ಜೂನ್ ಮಳೆಯಲ್ಲಿ ಬಂತು. ರಸ್ತೆಗೆ ಮರ ಬಿದ್ದು ಎರಡು ದಿನ ತಡವಾಯಿತು, ಅದು ಪರವಾಗಿಲ್ಲ. ಪ್ಲಾಸ್ಟಿಕ್ ಸುತ್ತಿದ್ದರಿಂದ ಡಬ್ಬವೂ ನೆನೆದಿರಲಿಲ್ಲ. ಆದರೂ ರಾಗಿ ಪಫ್ ಬಾಯಿಗೆ ಹಾಕಿದರೆ ಒದ್ದೆ ರಟ್ಟು ಅಗಿದ ಹಾಗೆ. ಇನ್ನೊಂದು ಪ್ಯಾಕೆಟ್ ಗರಿಗರಿ ಇತ್ತು. ಏನಪ್ಪಾ ಇದು ಅಂತ ಮೆತ್ತಗಾದ ಪ್ಯಾಕೆಟ್ಟನ್ನು ಕಿಟಕಿ ಬೆಳಕಿಗೆ ಹಿಡಿದೆ. ಎರಡು ಸೂಜಿಮೊನೆಯಷ್ಟು ಬೆಳಕು ಕಂಡಿತು. ಕಂಪನಿಯವರು ನನ್ನ ಹೆಸರು ಬರೆದ ಚಂದದ ಕಾರ್ಡೊಂದನ್ನು ಪ್ಯಾಕೆಟ್ಟಿಗೆ ಸ್ಟೇಪ್ಲರ್ ಹೊಡೆದು ಅಂಟಿಸಿದ್ದರು! ಪಿನ್ ಅಂಚಿನ ಸೀಲ್ ಬಿಟ್ಟು ಒಳಗೆ ಇಳಿದಿತ್ತು.

ಮಲೆನಾಡಿನ ಜೂನ್ ಗಾಳಿಗೆ ಅಷ್ಟು ತೂತು ಸಾಕು. ಪಾರ್ಚ್‌ಮೆಂಟ್ ಕಾಫಿಯನ್ನು, ಅಂದರೆ ಹಣ್ಣಿನ ಸಿಪ್ಪೆ ತೆಗೆದ, ಒಳಗಿನ ಹೊಟ್ಟು ಇನ್ನೂ ಇರುವ ಬೀಜವನ್ನು, ಶೇಕಡಾ ಹತ್ತರ ಆಸುಪಾಸಿನ ತೇವಕ್ಕೆ ಒಣಗಿಸಿ ಮೂಟೆ ಕಟ್ಟುತ್ತೇವೆ. ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ಇಟ್ಟರೆ ಅದೇ ಕಾಫಿ ಮತ್ತೆ ತೇವ ಎಳೆದುಕೊಳ್ಳುತ್ತದೆ. ಅರಳಿಸಿದ ತಿಂಡಿ ಇದಕ್ಕಿಂತ ಸೂಕ್ಷ್ಮ, ಮೈಯೆಲ್ಲ ತೂತು ಅದರದ್ದು. ಫೋಟೋ ತೆಗೆದು ಕಳಿಸಿದೆ. ಮುಂದಿನ ಡಬ್ಬದಲ್ಲಿ ಬದಲಿ ಪ್ಯಾಕೆಟ್ ಬಂತು, ಕಾರ್ಡ್ ಬೇರೆಯಾಗಿ ಇತ್ತು. ಮೆತ್ತಗಾದದ್ದನ್ನು ಬಿಸಾಡಬೇಕಿಲ್ಲ. ಬಾಣಲೆಯನ್ನು ಸಣ್ಣ ಉರಿಯಲ್ಲಿಟ್ಟು, ಎಣ್ಣೆ ಹಾಕದೆ ನಾಲ್ಕೈದು ನಿಮಿಷ ಕೈಯಾಡಿಸಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿದರೆ ಮತ್ತೆ ಗರಿಗರಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೇ ಬೆವೆತು ಇನ್ನೂ ಕೆಡುತ್ತದೆ.

ಮೂರನೇ ಡಬ್ಬ ಬಂದದ್ದು ನನ್ನ ಉದಾಸೀನದಿಂದ. ಜುಲೈ ಬೇಡ ಅಂತ ನಿರ್ಧರಿಸಿದ್ದೆ. ತಿಂಗಳು ತಿಂಗಳು ತಾನಾಗಿ ದುಡ್ಡು ಹೋಗುವ ಯುಪಿಐ ಆಟೋಪೇ ಹಾಕಿದ್ದರೆ ದುಡ್ಡು ಕತ್ತರಿಸುವ ಕನಿಷ್ಠ 24 ಗಂಟೆ ಮೊದಲು ಮೆಸೇಜ್ ಬರುತ್ತದೆ. ಬಂದಿತ್ತು ಕೂಡ. ಆದರೆ ಆ ಎರಡು ದಿನ ಕರೆಂಟ್ ಇಲ್ಲ, ಟವರ್ ಇಲ್ಲ. ನೆಟ್‌ವರ್ಕ್ ಬಂದಾಗ ಎರಡು ಮೆಸೇಜ್ ಒಟ್ಟಿಗೆ ಬಿದ್ದವು, ಒಂದು "ಕತ್ತರಿಸಲಾಗುವುದು", ಇನ್ನೊಂದು "ಕತ್ತರಿಸಲಾಗಿದೆ". ಅವತ್ತೇ ಯುಪಿಐ ಆ್ಯಪಿನಲ್ಲಿ ಆಟೋಪೇ ಪಟ್ಟಿ ತೆಗೆದು ರದ್ದು ಮಾಡಿದೆ. ಕಂಪನಿಗೆ ಹೇಳುವುದು ಬೇರೆ, ಇದು ಬೇರೆ. ಎರಡನ್ನೂ ಮಾಡಿ.

ಮೂರು ಡಬ್ಬದಿಂದ ನನಗೆ ಉಳಿದದ್ದು ಆ ಸಣ್ಣ ಪ್ಯಾಕೆಟ್ಟಿನ ಅಳತೆ. ಡಬ್ಬಿಯಿಂದ ತಿಂದರೆ ಕೈ ನಿಲ್ಲುವುದಿಲ್ಲ, ಪ್ಯಾಕೆಟ್ ಖಾಲಿಯಾದರೆ ನಿಲ್ಲುತ್ತದೆ. ಈಗ ಭಾನುವಾರ ಕಾಲು ಕೆಜಿ ಕಡಲೆಬೀಜವನ್ನು ಎಣ್ಣೆಯಿಲ್ಲದೆ ಹುರಿಯುತ್ತೇನೆ. ಕರಿಬೇವು, ಚಿಟಿಕೆ ಉಪ್ಪು, ತೋಟದ್ದೇ ಮೆಣಸಿನ ಪುಡಿ. 30 ಗ್ರಾಂನಂತೆ ತೂಗಿ ಜಿಪ್ ಕವರಿಗೆ ಹಾಕಿದರೆ ಎಂಟು ಪೊಟ್ಟಣ. ಒಂದಕ್ಕೆ ಐದು ರೂಪಾಯಿ ಆಸುಪಾಸು. ಮಳೆಗಾಲದಲ್ಲಿ ಬೀಜವನ್ನು ಆರಿಸಿಯೇ ಹುರಿಯಬೇಕು. ಬೂಷ್ಟು ಹಿಡಿದ ಕಡಲೆಬೀಜದಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಬಾಯಿಗೆ ಕಹಿ ಬಂದರೆ ಉಗಿದುಬಿಡಿ.

ಮೇಸ್ತ್ರಿಗೆ, ಡ್ರೈವರಿಗೆ ಅಂತ ಮೇಜಿನ ಮೇಲೆ ಒಂದು ದೊಡ್ಡ ಡಬ್ಬಿ ಹುರಿಗಡಲೆ ಇಟ್ಟಿದ್ದೇನೆ. ನನ್ನ ಪೊಟ್ಟಣ ಡ್ರಾಯರಿನಲ್ಲಿ. ಯಾರಾದರೂ ಬಂದರೆ ಡಬ್ಬಿ ಮುಂದೆ ತಳ್ಳುತ್ತೇನೆ. ಇಷ್ಟು ಮಾಡಿದ ಮೇಲೇ ಬೋಂಡಾ ನಿಂತದ್ದು. ನಿಂತದ್ದು ಅಂದರೆ, ಶನಿವಾರ ಒಂದು ಇದೆ.

ಸೆಪ್ಟೆಂಬರಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿದೆ, 5.9. ಈ ನಡುವೆ ಕಾಫಿಗೆ ಸಕ್ಕರೆಯನ್ನೂ ಬಿಟ್ಟಿದ್ದೆ, ಹಾಗಾಗಿ ಡಬ್ಬದ ಪಾಲು ಎಷ್ಟು ಅಂತ ಲೆಕ್ಕ ಹಾಕಲು ಆಗುವುದಿಲ್ಲ. ಮಳೆ ನಿಂತ ಮೇಲೆ ಕಾಳುಮೆಣಸಿನ ಮಖಾನ ಮಾತ್ರ ನಾಲ್ಕು ಪ್ಯಾಕೆಟ್ ಬಿಡಿಯಾಗಿ ತರಿಸಿದೆ. ಪೋಸ್ಟ್‌ಮ್ಯಾನ್ ಕಿವಿಯ ಹತ್ತಿರ ಇಟ್ಟು ಅಲ್ಲಾಡಿಸಿದ. "ಈ ಸಲ ಸದ್ದೇ ಇಲ್ವಲ್ಲ ರೈಟ್ರೇ" ಅಂದ. ಮಖಾನ ಅಲ್ವಾ, ಹತ್ತಿಯಷ್ಟೇ ಹಗುರ. ಒಂದು ಪ್ಯಾಕೆಟ್ ಅವನ ಕೈಗೆ ಹೋಯಿತು.