ಮಕ್ಕಳ ಕಿಡ್ನಿ ಕಲ್ಲು: ಕ್ಯಾಲ್ಸಿಯಂಗೂ ಮೊದಲು ಕ್ರಿಯಾಟಿನಿನ್ ನೋಡಿ

ಕಲ್ಲು ಬಂದ ಮಗುವಿಗೆ 24 ಗಂಟೆಯ ಮೂತ್ರ ಪರೀಕ್ಷೆ ಬರೆಯುವುದು ಸುಲಭ, ಆ ಮೂತ್ರ ಪೂರ್ತಿ ಕ್ಯಾನಿಗೆ ಬೀಳುವುದು ಕಷ್ಟ. ಹಾಗಾಗಿ ಹಾಸನದಲ್ಲಿ ನಮ್ಮ ಕೈಗೆ ಬರುವ ವರದಿಗಳಲ್ಲಿ ನಾನು ಮೊದಲು ನೋಡುವುದು ಕ್ರಿಯಾಟಿನಿನ್. ಸ್ನಾಯುಗಳಿಂದ ಬಂದು ದಿನಾ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಮೂತ್ರಕ್ಕೆ ಸೇರುವ ಕಸ ಇದು, ಹಾಗಾಗಿ ಸಂಗ್ರಹ ಪೂರ್ತಿಯೋ ಅಲ್ಲವೋ ಇದರಿಂದ ಗೊತ್ತಾಗುತ್ತದೆ. ಶಾಲೆಗೆ ಹೋಗುವ ವಯಸ್ಸಿನ ಮಗುವಿನಲ್ಲಿ ದಿನಕ್ಕೆ, ತೂಕದ ಪ್ರತಿ ಕಿಲೋಗೆ, ಹೆಚ್ಚುಕಡಿಮೆ 15–20 ಮಿಲಿಗ್ರಾಂ ಬರಬೇಕು. 20 ಕಿಲೋ ಮಗುವಾದರೆ 300–400. ವರದಿಯಲ್ಲಿ 160 ಅಂತಿದ್ದರೆ ಅರ್ಧ ಮೂತ್ರ ಬಚ್ಚಲಿಗೆ ಹೋಗಿರುವ ಸಂಭವವೇ ಜಾಸ್ತಿ. ಅದೇ ವರದಿಯಲ್ಲಿ ಕ್ಯಾಲ್ಸಿಯಂ 60 ಇದ್ದು, ಕಿಲೋಗೆ 4 ಮಿಲಿಗ್ರಾಂ ಮಿತಿಯೊಳಗೇ ಇದೆಯಲ್ಲ ಅಂತ ಬಿಟ್ಟರೆ ಕೆಟ್ಟಿತು. ಚೆಲ್ಲಿಹೋದ ಮೂತ್ರದಲ್ಲಿ ಎರಡೂ ಒಟ್ಟಿಗೇ ಹೋಗಿರುತ್ತವೆ, ಹಾಗಾಗಿ ಕ್ಯಾಲ್ಸಿಯಂ 60ನ್ನು ಕ್ರಿಯಾಟಿನಿನ್ 160ರಿಂದ ಭಾಗಿಸಿ: 0.375. ಎರಡು ವರ್ಷ ದಾಟಿದ ಮಕ್ಕಳಲ್ಲಿ 0.2ಕ್ಕಿಂತ ಮೇಲಿದ್ದರೆ ಹೆಚ್ಚೇ. ಹಸುಗೂಸುಗಳಿಗೆ ಈ ಲೆಕ್ಕ ಹಾಕಬೇಡಿ, ಅವರಲ್ಲಿ ಸಹಜವಾಗಿಯೇ ಜಾಸ್ತಿ ಇರುತ್ತದೆ.

ಮೂತ್ರ ತಪ್ಪಿಹೋಗುವುದು ಹೆಚ್ಚಾಗಿ ಮಗು ಎರಡಕ್ಕೆ ಕೂತಾಗ. "ಅಮ್ಮ, ಕೂರಿಸೋಕೆ ಮುಂಚೆ ಒಂದಕ್ಕೆ ಮಾಡಿಸಿ ಹಿಡ್ಕೊಳ್ಳಿ" ಅಂತ ಬಿಡಿಸಿಯೇ ಹೇಳಬೇಕು. ಬೆಳಿಗ್ಗೆ ಎದ್ದಾಗಿನ ಮೊದಲ ಮೂತ್ರ ಚೆಲ್ಲಿ ಗಂಟೆ ಬರೆದಿಡುವುದು. ಆಮೇಲಿನದೆಲ್ಲವೂ, ಮರುದಿನ ಅದೇ ಹೊತ್ತಿನದೂ ಕ್ಯಾನಿಗೆ. ಜ್ವರ, ಸೋಂಕು, ಕಲ್ಲಿನ ನೋವು ಇಳಿದು ನಾಲ್ಕಾರು ವಾರ ಆಗಿರಲಿ.

ಆಸಿಡ್ ಹಾಕಿದ ಕ್ಯಾನನ್ನು ಮಕ್ಕಳಿರುವ ಮನೆಗೆ ನಾನು ಕಳಿಸುವುದಿಲ್ಲ. ಫ್ರಿಜ್ಜಿನಲ್ಲೋ ಐಸ್ ತುಂಬಿದ ಥರ್ಮಾಕೋಲ್ ಡಬ್ಬಿಯಲ್ಲೋ ಇಟ್ಟು ತರಲಿ. ಹೊರಗಿಟ್ಟರೆ ಬ್ಯಾಕ್ಟೀರಿಯಾ ಬೆಳೆದು, ಕಲ್ಲು ಕಟ್ಟದಂತೆ ತಡೆಯುವ ಸಿಟ್ರೇಟನ್ನು ತಿನ್ನುತ್ತದೆ, ಪಿಹೆಚ್ (ಹುಳಿ-ಕ್ಷಾರದ ಅಳತೆ) ಏರುತ್ತದೆ. ಲ್ಯಾಬಿನಲ್ಲಿ ಚೆನ್ನಾಗಿ ಕುಲುಕಿ, ಒಟ್ಟು ಅಳತೆ ಬರೆದು, ಯೂರಿಕ್ ಆಸಿಡ್‌ಗೆ ಒಂದಿಷ್ಟು ತೆಗೆದಿಟ್ಟ ಮೇಲೆ ಉಳಿದದ್ದಕ್ಕೆ, ಹರಳು ಕರಗಲಿ ಅಂತ, ಹೈಡ್ರೋಕ್ಲೋರಿಕ್ ಆಸಿಡ್. ಕುಲುಕದಿದ್ದರೆ, ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲು ಕಟ್ಟುವ ಆಕ್ಸಲೇಟಿನ ಹರಳು ತಳದಲ್ಲೇ ಉಳಿದು ಸಂಖ್ಯೆ ಕಮ್ಮಿ ಬರುತ್ತದೆ. ಪಿಹೆಚ್ ನೋಡುವುದು ಬೇರೆಯಾಗಿ, ಆಗಷ್ಟೇ ಹೊಯ್ದ ಮೂತ್ರದಲ್ಲಿ.

ಇನ್ನೊಂದು ಮೋಸ, ವರದಿಯ ಪಕ್ಕದಲ್ಲಿ ಅಚ್ಚಾಗಿರುವ ದೊಡ್ಡವರ ಮಿತಿ. ಆಕ್ಸಲೇಟ್ 40 ಮಿಲಿಗ್ರಾಂ ದೊಡ್ಡವರಿಗೆ ಸರಿಯೆನ್ನಬಹುದು. 20 ಕಿಲೋ ಮಗುವಿನ ಮೈ ವಿಸ್ತೀರ್ಣ ಸುಮಾರು 0.8 ಚದರ ಮೀಟರ್, ದೊಡ್ಡವರ ಅಳತೆಯಾದ 1.73ಕ್ಕೆ ಹೊಂದಿಸಿದರೆ ಅದೇ 40 ಹೋಗಿ ಸುಮಾರು 86.5 ಆಗುತ್ತದೆ. ವಿಟಮಿನ್ ಸಿ ಮೈಯೊಳಗೆ ಆಕ್ಸಲೇಟ್ ಆಗುತ್ತದೆ, ಮಗು ಅದರ ಮಾತ್ರೆ ಚೀಪುತ್ತಿದೆಯೇ ಕೇಳಿ, ನಿಲ್ಲಿಸಿ, ಮತ್ತೆ ಪರೀಕ್ಷೆ ಮಾಡಿಸಿ. ಆಗಲೂ ಇಳಿಯದಿದ್ದರೆ ವಂಶಪಾರಂಪರ್ಯದ ಹೈಪರ್‌ಆಕ್ಸಲೂರಿಯಾ (ಮೂತ್ರದಲ್ಲಿ ಆಕ್ಸಲೇಟ್ ಅತಿಯಾಗುವ ಕಾಯಿಲೆ) ಹುಡುಕಬೇಕು, ತಡಮಾಡಬಾರದು.

ಕ್ಯಾಲ್ಸಿಯಂ ಜಾಸ್ತಿ ಅಂದ ಕೂಡಲೇ ಮನೆಯವರು ಹಾಲು ನಿಲ್ಲಿಸುತ್ತಾರೆ. ಬೇಡ. ಹಾಲು, ಮಜ್ಜಿಗೆಯ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಹಾಕುತ್ತದೆ. ಅದರ ಬದಲು ವರದಿಯಲ್ಲಿ ಸೋಡಿಯಂ, ಅಂದರೆ ಉಪ್ಪಿನ, ಸಾಲು ನೋಡಿ. ಕಿಲೋಗೆ 3 ಮಿಲಿಈಕ್ವಿವಲೆಂಟ್ (ವರದಿಯಲ್ಲಿ mEq) ದಾಟಿದ್ದರೆ ಉಪ್ಪಿನಕಾಯಿ, ಹಪ್ಪಳ, ಕುರುಕಲು ಬಿಡಿಸಿ ಮರುಪರೀಕ್ಷೆ ಮಾಡಿ. ಉಪ್ಪು ಹೊರಹೋಗುವಾಗ ಕ್ಯಾಲ್ಸಿಯಂ ಅನ್ನೂ ಎಳೆದೊಯ್ಯುತ್ತದೆ.

ಭಾನುವಾರದ ಸಂಗ್ರಹ ಅನುಕೂಲ, ಆದರೆ ಮನೆಯಲ್ಲಿದ್ದಾಗ ಮಗು ನೀರು ಕುಡಿದಿರುತ್ತದೆ. ಅರಸೀಕೆರೆ ಕಡೆಯ ಬಿಸಿಲಿನಲ್ಲೂ ಶಾಲೆಯ ಶೌಚಾಲಯಕ್ಕೆ ಹೆದರಿ ಬಾಟಲಿ ಹಾಗೇ ವಾಪಸ್ ತರುವ ಮಕ್ಕಳಿದ್ದಾರೆ. ಅದಕ್ಕೇ ಶಾಲೆಯ ದಿನ ಸಂಜೆ ಮನೆಗೆ ಬಂದ ಕೂಡಲೇ ಹೊಯ್ದ ಮೂತ್ರವನ್ನೂ ತರಿಸಿ ಸ್ಪೆಸಿಫಿಕ್ ಗ್ರಾವಿಟಿ (ಮೂತ್ರ ಎಷ್ಟು ಗಟ್ಟಿಯಿದೆ ಎಂಬುದರ ಅಳತೆ) ನೋಡುತ್ತೇನೆ. ಭಾನುವಾರ 1.008 ಇದ್ದದ್ದು ಆ ಸಂಜೆ 1.025 ಬಂದರೆ, ಔಷಧಿಗಿಂತ ಮುಂಚೆ ಮೇಷ್ಟ್ರಿಗೊಂದು ಚೀಟಿ ಬರೆಯಬೇಕಾಗುತ್ತದೆ.