ಕಪ್ ಬಿಟ್ಟು ಗ್ರಾಂ ಹಿಡಿದೆ: ಶಿಯಾ ಬೆಣ್ಣೆ ಅಳೆದ ನನ್ನ ಅನುಭವ

ಕಲಬುರಗಿಯಲ್ಲಿ ಚಳಿ ಶುರುವಾದರೆ ಅವ್ವನ ಹಿಮ್ಮಡಿ ಒಡೆಯುತ್ತವೆ. ಅವಳಿಗಾಗಿಯೇ ನಾನು ಮನೆಯಲ್ಲಿ ಮುಲಾಮು ಮಾಡಲು ಕಲಿತೆ. ಬರೆದುಕೊಂಡಿದ್ದ ಅಳತೆ ಹೀಗಿತ್ತು: ಒಂದು ಕಪ್ ಶಿಯಾ ಬೆಣ್ಣೆ (ಆಫ್ರಿಕಾದ ಶಿಯಾ ಮರದ ಬೀಜದಿಂದ ತೆಗೆಯುವ ಗಟ್ಟಿ ಕೊಬ್ಬು), ಅರ್ಧ ಕಪ್ ಕೊಬ್ಬರಿ ಎಣ್ಣೆ, ಕಾಲು ಕಪ್ ಕರಗಿಸಿದ ಜೇನುಮೇಣ.

ಡಿಸೆಂಬರ್ ತಿಂಗಳು. ಶಿಯಾ ಬೆಣ್ಣೆ ಗಟ್ಟಿಯಾಗಿತ್ತು. ಚಾಕುವಿನಿಂದ ತುಂಡು ಮಾಡಿ ಕಪ್ ತುಂಬಿಸಿದೆ. ಆರಿದ ಮೇಲೆ ನೋಡಿದರೆ ಮುಲಾಮು ಬೆರಳಿಗೇ ಹತ್ತಲಿಲ್ಲ, ಅಷ್ಟು ಬಿರುಸು. ಮೇಣ ಜಾಸ್ತಿ ಆಯಿತು ಅಂದುಕೊಂಡೆ. ಅವ್ವ ಕೇಳಿದಳು: "ಸೇರು ಜ್ವಾಳ, ಸೇರು ಚುರುಮುರಿ ತೂಕ ಒಂದೇ ಇರ್ತದೇನವ್ವ?"

ಅವಳ ಮಾತು ಹಿಡಿದು ಮರುದಿನ ಡಿಜಿಟಲ್ ಕಾಟಾ ತಂದೆ. ಮೊದಲು ಕಪ್ಪನ್ನೇ ಪರೀಕ್ಷೆ ಮಾಡಿದೆ. ಖಾಲಿ ಕಪ್ ಇಟ್ಟು ಕಾಟಾ ಸೊನ್ನೆ ಮಾಡಿ, ತುಂಬ ನೀರು ಹಾಕಿದೆ. 240 ಗ್ರಾಂ ಬಂತು. ಒಂದು ಮಿಲಿ ನೀರು ಹೆಚ್ಚುಕಡಿಮೆ ಒಂದು ಗ್ರಾಂ, ಹಾಗಾಗಿ ನನ್ನದು 240 ಮಿಲಿ ಕಪ್. ನಿಮ್ಮದು 200 ಇರಬಹುದು, 250 ಇರಬಹುದು. ಇದನ್ನು ಮಾತ್ರ ಬಿಡಬೇಡಿ.

ಆಮೇಲೆ ಅದೇ ಕಪ್ಪಿನಲ್ಲಿ ಶಿಯಾ ಬೆಣ್ಣೆ ತೂಗಿದೆ. ತುಂಡು ತುಂಡಾಗಿ ಹಾಕಿದಾಗ 146 ಗ್ರಾಂ. ಚಮಚದಿಂದ ಅದುಮಿ ತುಂಬಿದಾಗ 198. ಪೂರ್ತಿ ಕರಗಿಸಿ ಸುರಿದಾಗ 215. ತುಂಡುಗಳ ನಡುವೆ ಇದ್ದದ್ದು ಬರೀ ಗಾಳಿ! ಮೇಣ ಸರಿಯಾಗಿಯೇ ಇತ್ತು, ಬೆಣ್ಣೆಯೇ ಕಡಿಮೆ ಬಿದ್ದಿತ್ತು.

ಶಿಯಾ ಬೆಣ್ಣೆ ನೀರಿಗಿಂತ ಹಗುರ. ಒಂದು ಮಿಲಿಗೆ ಸುಮಾರು 0.91 ಗ್ರಾಂ. ಮಿಲಿಯನ್ನು 0.91ರಿಂದ ಗುಣಿಸಿದರೆ ಗ್ರಾಂ, ಗ್ರಾಂ ಅನ್ನು 0.91ರಿಂದ ಭಾಗಿಸಿದರೆ ಮಿಲಿ. 240 ಮಿಲಿ ಕಪ್ಪಿಗೆ 218 ಗ್ರಾಂ. 15 ಮಿಲಿಯ ದೊಡ್ಡ ಚಮಚಕ್ಕೆ ಹದಿನಾಲ್ಕಕ್ಕೆ ಸ್ವಲ್ಪ ಕಡಿಮೆ, 5 ಮಿಲಿ ಚಮಚಕ್ಕೆ ನಾಲ್ಕೂವರೆ. ಕರಗಿದಾಗ ಹಿಗ್ಗುತ್ತದೆ, ಅದಕ್ಕೇ ನನಗೆ 215 ಬಂದದ್ದು. ಕೊಬ್ಬರಿ ಎಣ್ಣೆಗೆ 0.92, ಜೇನುಮೇಣಕ್ಕೆ 0.96 ಹಿಡಿಯುತ್ತೇನೆ.

ಔನ್ಸ್ ಅಂತ ಬರೆದಿದ್ದರೆ ಸ್ವಲ್ಪ ನಿಂತು ನೋಡಿ. ತೂಕದ ಔನ್ಸ್ 28.35 ಗ್ರಾಂ. ಅಮೆರಿಕದ ದ್ರವದ ಔನ್ಸ್ 29.57 ಮಿಲಿ. ಹೆಸರು ಒಂದೇ, ಅಳೆಯುವುದು ಬೇರೆ ಬೇರೆ. ಎಂಟು ಔನ್ಸ್ ಶಿಯಾ ಬೆಣ್ಣೆ ಅಂದರೆ ತೂಕದಲ್ಲಿ 227 ಗ್ರಾಂ, ದ್ರವದ ಅಳತೆಯಲ್ಲಾದರೆ ಸುಮಾರು 215 ಗ್ರಾಂ.

ಬೇಸಿಗೆಯಲ್ಲಿ ಇನ್ನೊಂದು ಪಾಠ ಆಯಿತು. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಅಲ್ವಾ? ಶಿಯಾ ಬೆಣ್ಣೆ 32 ಡಿಗ್ರಿಯಿಂದಲೇ ಮೆತ್ತಗಾಗತೊಡಗುತ್ತದೆ. ಡಬ್ಬಿಯಲ್ಲಿ ಮೇಲೆ ಎಣ್ಣೆ, ಕೆಳಗೆ ಗಟ್ಟಿ. ಮೇಲಿನದನ್ನೇ ಬಗ್ಗಿಸಿದರೆ ತೂಕ ಸರಿ ಬಂದರೂ ಮುಲಾಮು ಮೆತ್ತಗಾಗುತ್ತದೆ, ಯಾಕೆಂದರೆ ಗಟ್ಟಿ ಕೊಬ್ಬು ತಳದಲ್ಲೇ ಉಳಿದಿರುತ್ತದೆ. ಈಗ ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ಪೂರ್ತಿ ಕರಗಿಸುತ್ತೇನೆ. ಚೆನ್ನಾಗಿ ಕಲಕಿ, ಮುಲಾಮು ಮಾಡುವ ಪಾತ್ರೆಯನ್ನೇ ಕಾಟಾ ಮೇಲೆ ಇಟ್ಟು, 218 ಬರುವವರೆಗೆ ಸುರಿಯುತ್ತೇನೆ. ಕಪ್ಪಿಗೆ ಅಂಟಿ ಹಾಳಾಗುವುದೂ ಇಲ್ಲ.